ಮೇಡಂ ತಂದ ಕೂಲರ್

ನಮ್ಮ ಫಿಸಿಕ್ಸ್ ಮೇಡಂ ತೀರಿಕೊಂಡು ತಿಂಗಳ ಮೇಲಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿವೃತ್ತಿಯ ದಿನ ಕಾಲೇಜಿನ ಸಭೆಯಲ್ಲಿ ಒಬ್ಬೊಬ್ಬರಾಗಿ ಎದ್ದು ತ್ಯಾಗಮಯಿ, ಸರಳಜೀವಿ, ಶಾಂತ ಸ್ವಭಾವದವರು ಎಂದು ಹೊಗಳುತ್ತಿದ್ದಾಗ ಅವರು ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ಬಾಗಿ, "ಸರ್, ಇವರು ಯಾರ ಬಗ್ಗೆ ಮಾತಾಡ್ಲಿಕತ್ತಾರ? ಆ ಹೆಣ್ಮಗಳು ನನಗ ಗುರುತಿಲ್ಲ" ಎಂದಿದ್ದರು. ಹೆಸರು ಹಾಕಿ ಬರೆಯಲು ಕೂತರೆ ನನ್ನ ಕೈಯಿಂದಲೂ ಅಂಥವೇ ಮಾತು ಬಂದಾವೆಂಬ ಅಂಜಿಕೆ ನನಗೆ. ಅದಕ್ಕೇ ಹೆಸರು ಬಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಕಮಲಾಪುರದ ಕಾಲೇಜಿಗೆ ನಾನು ಕನ್ನಡ ಉಪನ್ಯಾಸಕನಾಗಿ ಸೇರಿದಾಗ ಅವರಿಗೆ ಅಲ್ಲಿ ಆಗಲೇ ಹತ್ತು ವರ್ಷ ಸರ್ವೀಸಾಗಿತ್ತು. ನನ್ನ ಮನೆ ಬ್ರಹ್ಮಪುರದಲ್ಲಿ, ಅವರದು ಜೇವರ್ಗಿ ಕಾಲೋನಿಯಲ್ಲಿ. ದಿನಾ ಮುಂಜಾನೆ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಒಂದೇ ಬಸ್ಸಿಗೆ ಹೋಗಿ, ಸಂಜೆ ಒಂದೇ ಬಸ್ಸಿಗೆ ತಿರುಗಿ ಬರುತ್ತಿದ್ದೆವು. ಅವರು ಮದುವೆಯಾಗಿರಲಿಲ್ಲ. ತಮ್ಮ ಮತ್ತು ತಮ್ಮನ ಹೆಂಡತಿಯ ಜೊತೆ ಇದ್ದರು. ಮನೆ ಕಟ್ಟಿಸಿದ್ದು ಇವರೇ. ಆದರೆ ತಮಗೆ ಮಾಳಿಗೆಯ ಮೇಲಿನ ಒಂದು ಕೋಣೆ ಇಟ್ಟುಕೊಂಡು ಉಳಿದದ್ದನ್ನು ಅವರಿಗೆ ಬಿಟ್ಟಿದ್ದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುವರು. ಸೀಟು ಸಿಕ್ಕ ಮೇಲೆ ಚೀಲದಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತೆಗೆದು, ಜಗಳಾಡಿದವರಿಗೇ ಮೊದಲು ಕೊಡುವರು.

ವಯಸ್ಸು ಐವತ್ತಾರಾಗುವ ಹೊತ್ತಿಗೆ ಅವರ ಬಲಗೈ ನಡುಗಲು ಸುರುವಾಯಿತು. ಬೋರ್ಡಿನ ಮೇಲೆ ಎಳೆದ ಗೆರೆ ಹಾವಿನಂತೆ ಹರಿಯತೊಡಗಿತು. ದಿನದಿನಕ್ಕೆ ಹೆಚ್ಚಾಗುವ ರೋಗವೆಂದು ಡಾಕ್ಟರು ಹೇಳಿದ ಮರುದಿನವೇ ಅವರು ಕ್ಲಾಸಿಗೆ ಹೋಗಿ, "ನನ್ನ ಕೈ ನಡಗ್ತದ. ಇದೊಂದು ರೋಗ. ನಗೂದಿದ್ರ ಈಗ ನಕ್ಕುಬಿಡ್ರಿ, ಎರಡು ನಿಮಿಷ ಟೈಮ್ ಕೊಡ್ತೀನಿ. ಆಮ್ಯಾಲ ನಕ್ಕವ್ರನ್ನ ಹೊರಗ ಹಾಕ್ತೀನಿ" ಎಂದು ಗಡಿಯಾರ ನೋಡುತ್ತ ನಿಂತರಂತೆ. ಎರಡು ನಿಮಿಷ ಪೂರ್ತಿ ನಿಂತರಂತೆ. "ಆತು, ಪುಸ್ತಕ ತಗೀರಿ" ಎಂದು ಪಾಠ ಸುರು ಮಾಡಿದರಂತೆ. ಆ ಕ್ಲಾಸಿನಲ್ಲಿದ್ದವರೇ ನನಗೆ ಇದನ್ನು ಹೇಳಿದ್ದು.

ಅದರ ಮುಂದಿನ ವರ್ಷ ಮಾರ್ಚಿನಲ್ಲಿ, ಬಸ್ಸು ಊರು ದಾಟುವ ಹೊತ್ತಿಗೆ, ಅವರು ಸಹಜವಾಗಿ ಅಂದರು: "ಸರ್, ನಾ ಒಂದು ಗೇಮಿಂಗ್ ಕಂಪ್ಯೂಟರ್ ಕಟ್ಟಿಸ್ಲಿಕತ್ತೀನಿ."

"ಯಾರಿಗ್ರಿ?"

"ನನಗ."

ನನಗೆ ನಗು ಬಂತು. ಅವರು ನಗಲಿಲ್ಲ. ಕಿಟಕಿಯಾಚೆ ನೋಡುತ್ತ ಹೇಳಿದರು. ಸಣ್ಣವರಿದ್ದಾಗ ಓಣಿಯಲ್ಲಿ ಅಣ್ಣತಮ್ಮಂದಿರು ಕ್ರಿಕೆಟ್ ಆಡುತ್ತಿದ್ದರಂತೆ. ಇವರ ಲೆಕ್ಕ ಚೊಲೊ ಇದೆಯೆಂದು ಕಟ್ಟೆಯ ಮೇಲೆ ಕೂಡಿಸಿ ಸ್ಕೋರ್ ಬರೆಯಲು ಹಚ್ಚುತ್ತಿದ್ದರಂತೆ. ಒಮ್ಮೆ ಬ್ಯಾಟು ಕೇಳಿದ್ದಕ್ಕೆ, "ನೀ ಬರಿ, ನೀ ಶ್ಯಾಣಿ ಇದ್ದಿ" ಅಂದರಂತೆ. ಆಮೇಲೆ ಶಾಲೆಯಲ್ಲಿ, ನೌಕರಿ ಹತ್ತಿದ ಮೇಲೆ ಕಾಲೇಜಿನ ಆಟೋಟದ ದಿನ, ಎಲ್ಲೆಡೆಯೂ ಸ್ಕೋರ್ ಹಾಳೆ ಇವರ ಕೈಗೇ ಬಂತು.

"ಐವತ್ತು ವರ್ಷ ಮಂದಿ ಆಡಿದ್ದನ್ನ ಬರದೀನಿ ಸರ್. ಸಾಕು. ಈಗ ಡಾಕ್ಟರ್ ಸ್ಕೂಟಿ ಬಿಡ್ರಿ ಅಂದಾರ, ಬಿಟ್ಟೀನಿ. ಆದ್ರ ಗುಡ್ಡದ ದಾರ್ಯಾಗ ಕಾರ್ ಓಡಸಬ್ಯಾಡ್ರಿ ಅಂತ ಅವರು ಹೇಳಿಲ್ಲ. ನಾ ಕಾರ್ ರೇಸಿನ ಆಟ ಆಡಾಕಿ."

ಉಳಿದ ಭಾಗಗಳನ್ನೆಲ್ಲ ಒಂದೇ ವಾರದಲ್ಲಿ ಆರಿಸಿದರು. ಫ್ಯಾನು ಮತ್ತು ಕೂಲರ್ ಆರಿಸಲು ಮಾತ್ರ ಎರಡು ತಿಂಗಳು ತೆಗೆದುಕೊಂಡರು. ಆ ಎರಡು ತಿಂಗಳು ಬಸ್ಸಿನಲ್ಲಿ ನನಗೆ ಬೇರೆ ಮಾತೇ ಇರಲಿಲ್ಲ. ಆಟ ಆಡುವಾಗ ಪ್ರೊಸೆಸರ್ ಎಂಬ ಚಿಪ್ಪು ಒಲೆಯಂತೆ ಕಾಯುತ್ತದಂತೆ. ಅದರ ತಲೆಯ ಮೇಲೆ ತೆಳು ತಗಡುಗಳ ಗೋಪುರದಂಥ ಕೂಲರ್ ಕೂಡಿಸಿ, ಫ್ಯಾನಿನಿಂದ ಗಾಳಿ ಹಾಯಿಸಿ ಆ ಶಾಖವನ್ನು ಎಳೆದು ತೆಗೆಯಬೇಕಂತೆ. ಕಂಪ್ಯೂಟರಿನ ಹೊರಡಬ್ಬಿಗೆ ಹಚ್ಚಿದ ಬೇರೆ ಫ್ಯಾನುಗಳು ಮುಂದಿನಿಂದ ಹೊಸ ಗಾಳಿ ಒಳಗೆ ತಂದು, ಬಿಸಿ ಗಾಳಿಯನ್ನು ಹಿಂದಿನಿಂದ ಹೊರಗೆ ದೂಡಬೇಕಂತೆ. ಇವಿಷ್ಟು ನನಗೂ ತಿಳಿಯಿತು. ಇದರಲ್ಲಿ ಎರಡು ತಿಂಗಳು ವಿಚಾರ ಮಾಡುವಂಥದ್ದು ಏನಿದೆ ಎಂಬುದು ತಿಳಿಯಲಿಲ್ಲ.

"ಈ ಕೂಲರಿನ ಪಾಕೀಟಿನ ಮ್ಯಾಲೆ ಬರದದ್ದೆಲ್ಲ ಎಲ್ಲೋ ತಂಪು ಊರಾಗ, ಎಸಿ ಕೋಣ್ಯಾಗ ಕೂತು ಅಳತಿ ಮಾಡಿದ್ದು ಸರ್," ಎಂದು ಅವರು ಪಾಠದ ದನಿಯಲ್ಲಿ ಹೇಳಿದರು. "ನಂದು ಮಾಳಿಗಿ ಮ್ಯಾಲಿನ ಕೋಣಿ. ಮೇ ತಿಂಗಳದಾಗ ಒಳಗ ನಲವತ್ತೆರಡು ಡಿಗ್ರಿ. ಯಾವ ಕೂಲರೂ ಕೋಣಿಗಿಂತ ತಂಪು ಮಾಡೂದಿಲ್ಲ. ಕೋಣಿ ಶಾಖ ಮೊದಲು, ಅದರ ಮ್ಯಾಲೆ ಚಿಪ್ಪಿನ ಶಾಖ. ಅವರಲ್ಲಿ ಅರವತ್ತು ಅಂದ್ರ ನಮ್ಮಲ್ಲಿ ಎಂಬತ್ತು ಅಂತ ಹಿಡೀಬೇಕು. ನಮ್ಮೂರನ್ನ ಲೆಕ್ಕಕ್ಕ ಹಿಡದು ಇವರು ಯಾರೂ ಏನೂ ಮಾಡಿಲ್ಲ. ಅದಕ್ಕ ನಾನ ಲೆಕ್ಕಾ ಹಾಕಬೇಕು."

ಮನೆಯಲ್ಲಿ ಬೇರೆಯೇ ಗೊಂದಲವಾಗಿತ್ತು. 'ಕೂಲರ್ ನೋಡ್ಲಿಕ್ಕೆ ಹೋಗಿದ್ದೆ' ಎಂದು ಇವರು ವಾರಕ್ಕೆರಡು ಸಲ ಹೇಳುವುದನ್ನು ಕೇಳಿ ತಮ್ಮನ ಹೆಂಡತಿ ಕೆಳಗಿನ ಹಾಲಿನ ಕಿಟಕಿ ಒರೆಸಿ, ನೀರು ತುಂಬುವ ದೊಡ್ಡ ಕೂಲರ್ ಇಡಲು ಜಾಗ ಮಾಡಿ ಕಾಯುತ್ತಿದ್ದರು. ಕೂಲರ್ ಎಂದರೆ ಅಂಗೈ ಮೇಲೆ ಹಿಡಿಯುವಂಥದ್ದು, ಅದೂ ಕಂಪ್ಯೂಟರಿನ ಒಳಗೆ ಹೋಗುವಂಥದ್ದು ಎಂದು ತಿಳಿದ ದಿನ ಅವರಿಗೆ ಸಿಟ್ಟು ತಡೆಯಲಿಲ್ಲ. "ಮನಷ್ಯಾರು ಬೇಯ್ಲಿಕತ್ತೀವಿ. ಅಕ್ಕಾರು ಮಷೀನಿಗೆ ಗಾಳಿ ಹಾಕ್ತಾರಂತ" ಎಂದು ನಾನು ಅವರ ಮನೆಯಲ್ಲಿ ಕೂತಿದ್ದಾಗಲೇ ಪಾತ್ರೆ ಕುಕ್ಕಿದರು. ಮರುವಾರ ಕೆಳಗಿನ ಹಾಲಿಗೆ ಆ ದೊಡ್ಡ ಕೂಲರೂ ಬಂತು. ಮೇಡಂ ತಮ್ಮ ಕೋಣೆಗೆ ಮಾತ್ರ ತರಲಿಲ್ಲ. ಅದರ ಹಸಿಗಾಳಿ ಕಂಪ್ಯೂಟರಿಗೆ ಆಗಿಬರುವುದಿಲ್ಲವಂತೆ!

ಅವರ ತಮ್ಮ ಒಳ್ಳೆಯ ಮನುಷ್ಯ. ಆದರೆ ಓಣಿಯ ಮಾತಿಗೆ ಅಂಜುವವರು. ಅವರೊಂದು ಉಪಾಯ ಹುಡುಕಿದರು. "ಅಕ್ಕಾ, ಕೈಗೆ ಎಕ್ಸರ್‌ಸೈಜ್ ಆಗ್ತದ ಅಂತ ಡಾಕ್ಟರ್ ಹೇಳ್ಯಾರ ಅನ್ನೂಣು. ಮಂದಿ ಬಾಯಿ ಮುಚ್ತದ."

"ಔಷಧ ಅಂದ್ರ ಮಂದಿ ಮಾಫ್ ಮಾಡ್ತಾರ," ಎಂದರು ಮೇಡಂ. "ನನಗ ಅವರ ಮಾಫಿ ಬೇಕಾಗಿಲ್ಲ. ಆಡ್ಲಿಕ್ಕೆ ತರ್ಲಿಕತ್ತೀನಿ. ಯಾರರ ಕೇಳಿದ್ರ ಹಂಗೇ ಹೇಳು."

ಏಪ್ರಿಲ್ ಕೊನೆಯ ಒಂದು ಶನಿವಾರ ಮಧ್ಯಾಹ್ನ ಅವರ ಜೊತೆ ನಾನೂ ಅಂಗಡಿಗೆ ಹೋದೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿಯಲ್ಲಿ, ಮೇಲಿನ ಮಹಡಿಯ ಅಂಗಡಿ. ಮಾಲೀಕ ನಲವತ್ತರ ಹತ್ತಿರದ ಮಾತುಗಾರ. ಬಂದವರಿಗೆಲ್ಲ ಮೊದಲು ಚಹಾ ಹೇಳುವನು.

"ಬರ್ರಿ ಮೇಡಂ, ಕೂಡ್ರಿ. ಮಗನಿಗೇನ್ರಿ ಪಿಸಿ?"

"ಅಲ್ಲ."

"ಮೊಮ್ಮಗನಿಗ?"

"ನನಗ್ರಿ. ಆಟ ಆಡಾಕಿ ನಾನು."

ಅವನು ನನ್ನ ಮುಖ ನೋಡಿದ. ನಾನು ಚಹಾದ ಕಪ್ಪಿನೊಳಗೆ ನೋಡಿದೆ.

ಅವನು ಗಾಜಿನ ಮುಖವಿರುವ ಒಂದು ಡಬ್ಬಿ ತೋರಿಸಿದ. ಒಳಗೆ ಏಳು ಬಣ್ಣದ ದೀಪ ಉರಿಯುವ ಫ್ಯಾನುಗಳು ತಿರುಗುತ್ತಿದ್ದವು. "ಜಬರ್ದಸ್ತ್ ಪೀಸ್ ಮೇಡಂ. ಇದಕ್ಕ ನೀರಿನ ಕೂಲರ್ ಹಾಕ್ಸ್ರಿ. ಪೈಪಿನಾಗ ನೀರು ಓಡ್ತದ, ನಮ್ಮ ಬಿಸಲಿಗೆ ಅದೇ ಬೆಸ್ಟ್. ಎಲ್ಲಾರೂ ಇದನ್ನೇ ಒಯ್ಲತ್ತಾರ."

"ದೀಪಾವಳಿ ಬ್ಯಾಡ, ಗಾಳಿ ಬೇಕು," ಎಂದರು ಮೇಡಂ. "ಈ ಗಾಜು ಮುಂದ ಮುಚ್ಚಿಕೊಂಡು ಕೂತದ. ಒಳಗಿನ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು? ಆ ನೀರೂ ಅಷ್ಟ, ಕೋಣಿ ಗಾಳಿಗೇ ಆರಬೇಕಲ್ಲ? ಪಂಪು ಕೆಟ್ರ ಎರಡು ನಿಮಿಷದಾಗ ಕಥಿ ಮುಗೀತದ. ನನ್ನ ಗೋಪುರದ ಫ್ಯಾನ್ ಕೆಟ್ರ ಇನ್ನೊಂದು ಹಚ್ಚತೀನಿ, ಅಷ್ಟ."

ಹೇಳಿದರೆ ಸಾಲದೆಂದು ಕಂಡಿತೋ ಏನೋ, ಚೀಲದಿಂದ ಊದುಬತ್ತಿಯ ಪಾಕೀಟು ತೆಗೆದರು. ಮಾಲೀಕ ಗಾಬರಿಯಾದ. "ಪೂಜಾ ಮನಿಗೆ ಒಯ್ದ ಮ್ಯಾಲ ಮಾಡ್ರಿ ಮೇಡಂ, ಇಲ್ಲೇ ಯಾಕ?" ಅವರು ಊದುಬತ್ತಿ ಹಚ್ಚಿ, ಫ್ಯಾನು ತಿರುಗುತ್ತಿದ್ದ ಆ ಗಾಜಿನ ಡಬ್ಬಿಯ ಮುಂದೆ ಹಿಡಿದರು. ಹೊಗೆ ಗಾಜಿಗೆ ಬಡಿದು ಸುಮ್ಮನೆ ಮೇಲಕ್ಕೇರಿತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಕರಿ ಡಬ್ಬಿಯನ್ನು ಇಳಿಸಿ, ಅದರ ಫ್ಯಾನಿಗೂ ಕರೆಂಟು ಕೊಡಲು ಹೇಳಿದರು. ಅದರ ಮುಂಭಾಗಕ್ಕೆ ಗಾಜಿರಲಿಲ್ಲ, ಬರೀ ಜಾಳಿಗೆ. ಹೊಗೆ ನೆಟ್ಟಗೆ ಒಳಗೆ ಹೋಗಿ ಹಿಂದಿನಿಂದ ಹೊರಬಿತ್ತು. ಅವರ ಕೈ ನಡುಗುತ್ತಿದ್ದುದರಿಂದ ಬೂದಿ ಅಂಗಡಿಯ ತುಂಬ ಬಿತ್ತು. ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ಎದ್ದು ಬಂದು ನೋಡಿದರು. ಅವರಲ್ಲೊಬ್ಬ, ಗಾಜಿನ ಡಬ್ಬಿ ಕಟ್ಟಿಸಿಕೊಳ್ಳುತ್ತಿದ್ದವನು, "ಅಣ್ಣಾ, ನನಗೂ ಆ ಕರೀದ ಕೊಡ್ರಿ" ಎಂದ.

ಮುಂದೆ ಮೂರು ದೊಡ್ಡ ಫ್ಯಾನು, ಹಿಂದೆ ಒಂದು. ಒಳಗೆ ಬರುವ ಗಾಳಿ ಹೆಚ್ಚಿದ್ದರೆ ಸಂದಿಗಳಿಂದ ಧೂಳು ನುಗ್ಗುವುದಿಲ್ಲವಂತೆ. ದೊಡ್ಡ ಫ್ಯಾನಾದರೆ ಸಾವಕಾಶ ತಿರುಗಿಯೂ ಬೇಕಾದಷ್ಟು ಗಾಳಿ ಕೊಡುತ್ತದೆ, ಗದ್ದಲ ಇಲ್ಲ. ಕೂಲರ್ ಗೋಪುರದ ಎತ್ತರವನ್ನು ಚೀಲದಲ್ಲಿದ್ದ ಸ್ಟೀಲಿನ ಸ್ಕೇಲಿನಿಂದ ಅಳೆದು, ಡಬ್ಬಿಯ ಬಾಗಿಲು ಮುಚ್ಚುತ್ತದೆಂದು ಖಾತ್ರಿ ಮಾಡಿಕೊಂಡೇ ಹ್ಞೂಂ ಅಂದರು. ಅಂಗಡಿಯ ಮೆಕ್ಯಾನಿಕ್ ಜೋಡಿಸಿ ಮರುದಿನ ಮನೆಗೆ ಕಳಿಸಿದ.

ಮೂರನೆಯ ದಿನ ಬಸ್ಸಿನಲ್ಲಿ ಅವರು ಬಾಳೆಹಣ್ಣು ತೆಗೆಯಲಿಲ್ಲ. ಕೇಳಿದಾಗ ಹೇಳಿದರು: ಆಟ ಸುರುವಾಗಿ ಹತ್ತು ನಿಮಿಷಕ್ಕೆ ಕಂಪ್ಯೂಟರ್ ತಾನಾಗಿಯೇ ಬಂದ್ ಆಗುತ್ತಿದೆ. ಚಿಪ್ಪಿನ ಶಾಖ ನೂರರ ಹತ್ತಿರ. ಅಂಗಡಿಗೆ ಫೋನ್ ಮಾಡಿದರೆ, "ಊರಿನ ಬಿಸಲು ಮೇಡಂ. ನೀರಿಂದು ತೊಗೋರಿ ಅಂದಿದ್ನಲ್ಲ" ಎಂಬ ಉತ್ತರ. ಮನೆಯಲ್ಲಿ ತಮ್ಮನ ಹೆಂಡತಿ, "ಆ ಅಂಗಡ್ಯಾಂವಗ ಅಕ್ಕಾರಿಗಿಂತ ಜಾಸ್ತಿ ಗೊತ್ತಿರಂಗಿಲ್ಲೇನು?" ಅಂದರಂತೆ. ಆ ಮಾತು ಅವರಿಗೆ ನಟ್ಟಿತ್ತು. ನನಗೂ ಒಳಗೊಳಗೆ ಇವರ ಲೆಕ್ಕ ತಪ್ಪಿರಬೇಕೆಂದೇ ಅನ್ನಿಸಿತು. ಅದನ್ನು ಅವರು ನನ್ನ ಮುಖದಲ್ಲೇ ಓದಿಕೊಂಡರು.

"ನೀವೂ ಹಂಗೇ ಅನ್ಕೊಂಡೀರಿ. ಇರ್ಲಿ. ನಾಳೆ ನನ್ನ ಜೋಡಿ ಬರ್ರಿ."

ಮರುದಿನ ಆಟೋದಲ್ಲಿ ಆ ಕರಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಮೆಟ್ಟಿಲು ನಾನು ಹೊತ್ತೆ. ಮಾಲೀಕ ಮತ್ತೆ ಚಹಾ ಹೇಳಿದ. ಮೇಡಂ ಬೇಡವೆಂದರು.

"ಬಿಚ್ಚಿ ನೋಡ್ರಿ," ಎಂದರು.

"ಬಿಚ್ಚೂದು ಏನದ ಮೇಡಂ? ಫಿಟಿಂಗ್ ಬರಾಬರ್ ಅದ. ಈ ಬಿಸಲಾಗ ಗಾಳಿ ಕೂಲರ್ ನಡ್ಯಂಗಿಲ್ಲ ಅಷ್ಟ. ಬದಲಿ ಮಾಡ್ಕೊಡ್ತೀನಿ, ನೀರಿಂದು ಹಾಕ್ಸ್ರಿ."

"ಹಂಗಾರ ನಾ ಬಿಚ್ಚತೀನಿ. ಸ್ಕ್ರೂಡ್ರೈವರ್ ಕೊಡ್ರಿ."

ಅವರು ಕೈ ಚಾಚಿದರು. ಆ ಕೈ ನಡುಗುವುದನ್ನು ಅಂಗಡಿಯವರೆಲ್ಲ ನೋಡಿದರು. ಮೆಕ್ಯಾನಿಕ್ ಮುಂದೆ ಬಂದು, "ಕೊಡ್ರಿ ಅಮ್ಮ, ನಾ ಮಾಡ್ತೀನಿ" ಎಂದ. ನಾನೂ ಎದ್ದೆ. "ಯಾರೂ ಮುಟ್ಟಬ್ಯಾಡ್ರಿ" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಆದರೂ ಇಬ್ಬರೂ ನಿಂತಲ್ಲೇ ನಿಂತೆವು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಸ್ಕ್ರೂಡ್ರೈವರಿನ ತುದಿಯನ್ನು ಸ್ಕ್ರೂವಿನ ತಲೆಗೆ ಹೊಂದಿಸಿದರು. ಜಾರಿತು. ಮತ್ತೆ ಹೊಂದಿಸಿದರು. ಮತ್ತೆ ಜಾರಿತು. ಒಂದೊಂದು ಸ್ಕ್ರೂವಿಗೆ ಎಷ್ಟು ಹೊತ್ತಾಯಿತೋ. ಮಾಲೀಕ ತನ್ನ ಫೋನ್ ಬಡಿದುಕೊಂಡರೂ ಎತ್ತಲಿಲ್ಲ. ಅವರ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಯ ಸ್ಕ್ರೂ ಬಂದ ಮೇಲೆ ಗೋಪುರವನ್ನು ಎರಡೂ ಕೈಯಿಂದ ಮೆಲ್ಲಗೆ ತಿರುವಿ ಎತ್ತಿ, ಅದರ ತಳವನ್ನು ಬೆಳಕಿಗೆ ಹಿಡಿದರು.

ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡಿತ್ತು. ಹೊಸ ಫೋನಿನ ಗಾಜಿಗೆ ಅಂಟಿಸಿರುತ್ತಾರಲ್ಲ, ಅಂಥದು. ಕೂಡಿಸುವ ಮೊದಲು ಇದನ್ನು ಕೀಳಿರಿ ಎಂದು ಅದರ ಮೇಲೆ ಅಚ್ಚಾಗಿಯೂ ಇತ್ತು. ಮೆಕ್ಯಾನಿಕ್ ಮರೆತಿದ್ದ. ಚಿಪ್ಪಿಗೂ ಕೂಲರಿನ ತಾಮ್ರದ ತಳಕ್ಕೂ ನಡುವೆ ಆ ಹಾಳೆ ಗೋಡೆಯಂತೆ ಕೂತಿತ್ತು, ಶಾಖ ದಾಟುವುದಾದರೂ ಹೇಗೆ?

ಮೇಡಂ ಅದನ್ನು ಉಗುರಿನಿಂದ ಕಿತ್ತು ಮಾಲೀಕನ ಮುಂದಿನ ಗಾಜಿನ ಕೌಂಟರಿಗೆ ಅಂಟಿಸಿದರು.

"ಇದು ಊರಿನ ಬಿಸಲಲ್ಲ," ಎಂದರು.

ಮೆಕ್ಯಾನಿಕ್ ತಲೆ ತಗ್ಗಿಸಿ, "ಗಲತಿ ಆತ್ರಿ ಅಮ್ಮ" ಎಂದ. ಅವನನ್ನು ಅವರು ಬೈಯಲಿಲ್ಲ. "ಎಲ್ಲಾರಿಗೂ ಆಗ್ತದ. ನನಗ ಸಿಟ್ಟು ಬಂದದ್ದು ನೋಡದನ ಊರಿನ ಮ್ಯಾಲೆ ಹಾಕಿದ್ರಲ್ಲ, ಅದಕ್ಕ" ಎಂದು, ಚಿಪ್ಪಿನ ಶಾಖ ಕೂಲರಿಗೆ ದಾಟಲೆಂದು ಹಚ್ಚಿದ್ದ ಹಳೆಯ ಪೇಸ್ಟನ್ನು ಬಟ್ಟೆಯಿಂದ ಒರೆಸಿ, ಹೊಸದನ್ನು ಚಿಪ್ಪಿನ ನಡುವೆ ಹಾಕಲು ತಾವೇ ಟ್ಯೂಬು ಹಿಡಿದರು. "ಎಷ್ಟು ಹಾಕ್ತೀರಿ ನೀವು? ತೊಗರಿ ಕಾಳಿನಷ್ಟ ಸಾಕು. ಜಾಸ್ತಿ ಹಾಕಿದ್ರೂ ಕೆಲಸ ಕೆಡ್ತದ." ಮೆಕ್ಯಾನಿಕ್ ಬಗ್ಗಿ ನೋಡುತ್ತಿದ್ದ. ನಾಲ್ಕೂ ಸ್ಕ್ರೂ ಅವರೇ ಬಿಗಿದರು. ಅಲ್ಲೇ ಮುಕ್ಕಾಲು ತಾಸು ಆಟ ಓಡಿಸಿದೆವು. ಆ ಅಂಗಡಿಯ ಉರಿಯಲ್ಲೂ ಶಾಖ ಎಂಬತ್ತರ ಒಳಗೇ ನಿಂತಿತು. ಅವರು ಬಸ್ಸಿನಲ್ಲಿ ಹೇಳಿದ್ದ ಲೆಕ್ಕವೇ. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. "ಚಹಾ ಕುಡೀತೀರೇನು ಸರ್? ಈಗ ಕುಡಿಯೂಣು" ಎಂದು ಮುಗಿಸಿಬಿಟ್ಟರು.

ಜೂನಿನಲ್ಲಿ ಕಾಲೇಜು ಸುರುವಾಗುವಷ್ಟರಲ್ಲಿ ಸುದ್ದಿ ಕಮಲಾಪುರ ತಲುಪಿತ್ತು. ಮೇಡಮ್ಮೇ ಗೇಮ್ ಆಡಿದರೆ ನಾವು ಮನೆಯಲ್ಲಿ ಮಕ್ಕಳಿಗೆ ಬೇಡ ಅನ್ನುವುದು ಹೇಗೆ ಎಂದು ಪಾಲಕರೊಬ್ಬರು ಬಂದು ಹೇಳಿ ಹೋದರು. ಪ್ರಿನ್ಸಿಪಾಲರು ಮೇಡಮ್ಮನ್ನು ಕರೆಸಿದರು. ನಾನು ಪಕ್ಕದಲ್ಲೇ ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತಿದ್ದೆ.

"ಜರ ವಿಚಾರ ಮಾಡ್ರಿ ಮೇಡಂ. ನಿಮ್ಮ ವಯಸ್ಸಿಗೆ, ನಿಮ್ಮ ಸ್ಥಾನಕ್ಕ..."

"ಸರ್, ನಾ ಒಂದು ಕ್ಲಾಸಿಗರ ತಡಾ ಬಂದೀನೇನ್ರಿ?"

"ಇಲ್ಲ."

"ನೀವು ರವಿವಾರ ಇಸ್ಪೀಟ್ ಆಡ್ತೀರಿ. ನಾ ಏನರ ಅಂದೀನೇನ್ರಿ?"

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. ಮೇಡಂ ನಮಸ್ಕಾರ ಹೇಳಿ ಹೊರಬಂದರು.

ಅಲ್ಲಿಗೂ ಬಿಡಲಿಲ್ಲ. ಆ ವಾರ ಶಾಖದ ಪಾಠವಿತ್ತು. ಅವರು ಕಂಪ್ಯೂಟರಿನ ಕೂಲರನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಂದರು. ಕರೆಂಟು ಹೋಗಿತ್ತು, ಕ್ಲಾಸಿನಲ್ಲಿ ಎಲ್ಲರೂ ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಕಬ್ಬಿಣದ ಒಂದು ಸರಳನ್ನೂ ಕೂಲರಿನ ತಳವನ್ನೂ ಒಂದೇ ಬೋಗುಣಿಯ ಬಿಸಿನೀರಿಗೆ ಇಳಿಸಿ, ಎರಡರ ಮೇಲ್ತುದಿಯನ್ನೂ ಮುಟ್ಟಲು ಹೇಳಿದರು. ಸರಳು ತಣ್ಣಗೇ ಇತ್ತು. ಕೂಲರ್ ಕ್ಷಣದಲ್ಲಿ ಬಿಸಿಯಾಗಿತ್ತು. ಲ್ಯಾಬಿನ ಬ್ಯಾಟರಿಗೆ ಫ್ಯಾನು ಹಚ್ಚಿ ಅದರ ಗಾಳಿ ಹಾಯಿಸಿದಾಗ ಮತ್ತೆ ತಣ್ಣಗಾಯಿತು. ಕೂಲರಿನ ತಳದಿಂದ ತಗಡುಗಳಿಗೆ ಏರಿದ ಆ ತಾಮ್ರದ ಪೈಪುಗಳ ಒಳಗೆ ಏನಿದೆ, ಅಷ್ಟು ಬೇಗ ಶಾಖ ಹೇಗೆ ಏರಿತು ಎಂದು ಒಬ್ಬಳು ಕೇಳಿದಳು, ಇನ್ನೊಬ್ಬಳು ಕೇಳಿದಳು, ಗಂಟೆ ಬಾರಿಸಿದರೂ ಪ್ರಶ್ನೆ ನಿಲ್ಲಲಿಲ್ಲ. ಕೊನೆಗೆ ಮೇಡಂ ಅಂದರು: "ಇದನ್ನ ನಾ ಆಟಕ್ಕ ಕೊಂಡೀನಿ. ಪಾಠಕ್ಕಲ್ಲ. ಮನ್ಯಾಗ ಯಾರರ ಕೇಳಿದ್ರ ಎರಡೂ ಹೇಳ್ರಿ."

ಅವರು ಆಟದಲ್ಲಿ ಭಾಳ ಗೆದ್ದರೆಂದು ನಾನು ಬರೆದರೆ ಸುಳ್ಳಾಗುತ್ತದೆ. ನಿವೃತ್ತಿಯಾಗಿ ಎರಡು ವರ್ಷದ ನಂತರ ಒಂದು ಭಾನುವಾರ ಮಧ್ಯಾಹ್ನ ಹೋಗಿದ್ದೆ. ರೋಗ ಬಲಗೈಯನ್ನು ಪೂರ್ತಿ ಕೆಡಿಸಿತ್ತು, ಮಾತೂ ನಿಧಾನವಾಗಿತ್ತು. ಕೀಬೋರ್ಡಿನ ಕೀಲಿಗಳನ್ನೆಲ್ಲ ಎಡಗೈಗೆ ಬದಲಿಸಿಕೊಂಡು, ಕೆಸರಿನ ಗುಡ್ಡದಾರಿಯಲ್ಲಿ ಕೆಂಪು ಕಾರು ಓಡಿಸುತ್ತಿದ್ದರು. ತಮ್ಮನ ಹೆಂಡತಿ ಚಹಾ ತಂದವರು ತಟ್ಟೆ ಹಿಡಿದುಕೊಂಡೇ ಪರದೆ ನೋಡುತ್ತ ನಿಂತಿದ್ದರು. ಕಾರು ಅಂಚಿಗೆ ಹೋದಾಗ, "ಬ್ರೇಕ್, ಬ್ರೇಕ್ ಹಾಕ್ರಿ ಅಕ್ಕಾರ!" ಎಂದು ಕೂಗಿ, ನಾನಿರುವುದು ನೆನಪಾಗಿ ಸೆರಗು ಸರಿಮಾಡಿಕೊಂಡು ಕೆಳಗೆ ಇಳಿದುಹೋದರು. ರೇಸ್ ಮುಗಿಯಿತು. ಹನ್ನೆರಡು ಕಾರುಗಳಲ್ಲಿ ಮೇಡಮ್ಮಿನದು ಹನ್ನೊಂದನೆಯದು.

"ನೋಡ್ರಿ ಸರ್," ಎಂದು ಅವರು ನನ್ನ ಕಡೆ ತಿರುಗಿದರು, ಮುಖ ಅರಳಿತ್ತು. "ಒಬ್ಬರನ್ನ ಹಿಂದ ಹಾಕೀನಿ."

ಆರು ತಿಂಗಳ ನಂತರ ಜ್ವರ ಎದೆಗಿಳಿಯಿತು. ಹತ್ತು ದಿನ ದವಾಖಾನೆಯಲ್ಲಿದ್ದರು. ನಾನು ಹೋದಾಗ ಮಾತಾಡುವ ಶಕ್ತಿ ಇರಲಿಲ್ಲ. ನರ್ಸು ಊಟ ಮಾಡಿಸಲು ಬಂದರೆ ಚಮಚವನ್ನು ಕಸಿದುಕೊಂಡು ಎಡಗೈಯಿಂದ ತಾವೇ ತಿನ್ನಲು ಹೋಗಿ ಹಾಸಿಗೆಯ ಮೇಲೆಲ್ಲ ಚೆಲ್ಲಿದರು. ಅದೇ ನಾನು ಅವರನ್ನು ಕಡೆಯದಾಗಿ ನೋಡಿದ್ದು.

ಅವರು ತೀರಿಕೊಂಡ ಹದಿಮೂರನೆಯ ದಿನ ಊಟಕ್ಕೆ ಕರೆದಿದ್ದರು. ಕೆಳಗಿನ ಹಾಲಿನಲ್ಲಿ ಬಂಧುಗಳ ಪಂಕ್ತಿ. ಸೊಲ್ಲಾಪುರದಿಂದ ಬಂದಿದ್ದ ಹಿರಿಯ ಕಾಕಾ ಒಬ್ಬರು ನನ್ನ ಎದುರಿಗೆ ಕೂತಿದ್ದರು.

"ಪಾಪ, ಒಂಟಿ ಜೀವ," ಎಂದರು. "ಆ ಮಷೀನು ನೋಡ್ಕೋತ ಹೆಂಗೋ ದಿನಾ ದೂಡಿದ್ಲು. ಈಗ ಅದನ್ನ ಯಾರಿಗರ ಕೊಟ್ಟುಬಿಡ್ರಿ. ಕೋಣಿ ಬಾಡಗಿಗೆ ಆಗ್ತದ."

ಮೇಡಮ್ಮಿನ ತಮ್ಮ ಹೌದೆಂಬಂತೆ ತಲೆ ಆಡಿಸಿದರು. ನನಗೆ ಏನಾದರೂ ಹೇಳಬೇಕೆನ್ನಿಸಿತು. ಏನು ಹೇಳುವುದೆಂದು ತಿಳಿಯುವಷ್ಟರಲ್ಲಿ ಹೋಳಿಗೆ ಬಡಿಸುತ್ತ ಬರುತ್ತಿದ್ದ ತಮ್ಮನ ಹೆಂಡತಿ ನಿಂತರು.

"ಕೊಡೂದಿಲ್ಲ," ಎಂದರು.

"ಮತ್ತ ಅದನ್ನ ಇಟ್ಕೊಂಡು ಏನ್ ಮಾಡ್ತೀ?" ಎಂದರು ಗಂಡ.

"ನಾ ಓಡಸ್ತೀನಿ."

"ನೀನಾ? ಯಾವಾಗಿಂದ?"

"ಅಕ್ಕಾರು ದವಾಖಾನಿಗೆ ಹೋದಾಗಿಂದ. ಗುಡ್ಡ ಇಳಿಯೂ ಮುಂದ ಒಂದು ತಿರುವು ಅದ, ಅಲ್ಲಿ ಗಾಡಿ ಪಲ್ಟಿ ಹೊಡೀತದ. ಇಷ್ಟು ದಿನ ಸೂತಕ ಅಂತ ಬಿಟ್ಟಿದ್ದೆ. ನಾಳಿಂದ ಮತ್ತ ಕೂಡಾಕಿ."

ಅವರು ಕಾಕಾನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ತುಪ್ಪ ಸುರಿದು, ಮುಂದಿನ ಎಲೆಗೆ ನಡೆದರು.